ಟೀ ಶರ್ಟಿಗೆ ಕಾಲರ್ ಬಂದರೆ ಸಂಖ್ಯೆ ಬದಲು

ಕುಂಬಳೆಯಲ್ಲಿ ಜವಳಿ ಅಂಗಡಿ ಇಟ್ಟುಕೊಂಡಿರುವ ನಮ್ಮ ಭಾವ ಒಂದು ಭಾನುವಾರ ಊಟಕ್ಕೆ ಬಂದವರು, ಕೈ ತೊಳೆದ ಮೇಲೆ ದೊಡ್ಡದೊಂದು ಚೀಲ ಬಿಚ್ಚಿ ಊಟದ ಮೇಜಿನ ಮೇಲೇ ಸುರಿದರು. ಟೀ ಶರ್ಟ್, ಕಾಲರ್ ಇರುವ ಟೀ ಶರ್ಟ್, ಹೂಡಿ, ಲೆಗ್ಗಿಂಗ್ಸ್, ನೈಟಿ, ಕೂಸಿನ ಅಂಗಿ, ಮಂಕಿ ಕ್ಯಾಪ್, ಕಾಲುಚೀಲ, ಒಂದು ಮಳೆಕೋಟು. ಚೀನಾದ ತಯಾರಕರು ದುಬೈಯಲ್ಲಿರುವ ನೆಂಟರ ಕೈಯಲ್ಲಿ ಕಳಿಸಿದ ಮಾದರಿಗಳಂತೆ. ಮುಂದಿನ ಸೀಸನ್ನಿಗೆ ಪಣಂಬೂರು ಬಂದರಿನ ಮೂಲಕ ತರಿಸಬೇಕು ಎಂದು ಅವರ ಅಂದಾಜು. ಮಂಗಳೂರಿನಲ್ಲಿ ಕಸ್ಟಮ್ಸ್ ಬ್ರೋಕರ್, ಅಂದರೆ ಆಮದುದಾರರ ಪರವಾಗಿ ಸುಂಕದ ಕಾಗದಪತ್ರ ಮಾಡಿಕೊಡುವವರು, ಒಬ್ಬರ ಕಚೇರಿಗೆ ದಿನಾ ರೈಲು ಹತ್ತಿ ಹೋಗುವವ ನಾನು, ಹಾಗಾಗಿ ಪ್ರಶ್ನೆ ನನ್ನ ತಟ್ಟೆಗೇ ಬಿತ್ತು.

"ಎಲ್ಲ ಬನಿಯನು ಬಟ್ಟೆಯೇ ಅಲ್ಲದೋ? ಟೀ ಶರ್ಟು ಹೇಳಿ ಬರದರೆ ಆತಿಲ್ಲೆಯೋ?" ಎಂದರು ಭಾವ.

ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂದು ಅವತ್ತು ಸಂಜೆಯ ಚಹಾದವರೆಗೂ ವಿವರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಒಂದು ಉಡುಪಿಗೆ ಇರುವ ಹೆಸರು ಬೇರೆ, ಸುಂಕದ ಪಟ್ಟಿಯಲ್ಲಿ ಅದಕ್ಕಿರುವ ಹೆಸರು ಬೇರೆ. ಪಟ್ಟಿ ನೋಡುವುದು ಬೋರ್ಡನ್ನಲ್ಲ. ಕೊರಳು ಹೇಗಿದೆ, ಕೆಳ ಅಂಚು ಹೇಗೆ ಮುಗಿದಿದೆ, ಜೇಬು ಎಲ್ಲಿದೆ, ನೂಲು ಯಾವುದು ಎಂಬುದನ್ನು.

ಮೊದಲು ಸಂಖ್ಯೆಯ ವಿಷಯ. ಜಗತ್ತಿನ ಹೆಚ್ಚುಕಮ್ಮಿ ಎಲ್ಲ ದೇಶಗಳೂ ಸಾಮಾನುಗಳನ್ನು ಗುರುತಿಸಲು ಒಂದೇ ಪಟ್ಟಿ ಬಳಸುತ್ತವೆ. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. 1988ರ ಜನವರಿ 1ರಿಂದ ಜಾರಿಯಲ್ಲಿದೆ. ವ್ಯಾಪಾರದವರ ಬಾಯಲ್ಲಿ ಅದು ಎಚ್‌ಎಸ್ ಕೋಡ್. ಅದರ ಮೊದಲ ಆರು ಅಂಕಿ ಎಲ್ಲ ಕಡೆಯೂ ಒಂದೇ. ನಮ್ಮ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಪಟ್ಟಿಯಲ್ಲಿ ಇನ್ನೆರಡು ಸೇರಿಸಿ ಎಂಟು ಮಾಡಿದ್ದೇವೆ. ಹತ್ತಿಯ ಟೀ ಶರ್ಟಿನ ಸಂಖ್ಯೆ 6109 10 00. ಇದರಲ್ಲಿ 61 ಎಂದರೆ ಅಧ್ಯಾಯ, ಹೆಣೆದ ಉಡುಪು. 6109 ಎಂದರೆ ಹೆಡಿಂಗ್, ಟೀ ಶರ್ಟ್ ಮತ್ತು ಬನಿಯನ್. ಮುಂದಿನ 10 ಹತ್ತಿಯದ್ದು. ಕೊನೆಯ ಎರಡು ಸೊನ್ನೆ ಇಲ್ಲಿ ನಮ್ಮವರು ಇನ್ನೂ ಸಣ್ಣದಾಗಿ ಒಡೆದಿಲ್ಲ ಎಂಬುದರ ಗುರುತು.

ಜವಳಿಗೆಂದು ಈ ಪಟ್ಟಿಯಲ್ಲಿ ಇಡೀ ಒಂದು ವಿಭಾಗವೇ ಇದೆ, 50ರಿಂದ 63ರವರೆಗಿನ ಅಧ್ಯಾಯಗಳು. ಸಿದ್ಧ ಉಡುಪು ಮುಖ್ಯವಾಗಿ ಎರಡು ಕಡೆ ಕೂರುತ್ತದೆ. ಹೆಣೆದದ್ದು 61ರಲ್ಲಿ, ನೇಯ್ದದ್ದು 62ರಲ್ಲಿ. ನಮ್ಮ ಕಾಸರಗೋಡು ಸೀರೆ ಮಗ್ಗದಲ್ಲಿ ಹುಟ್ಟುವಂಥದ್ದು, ಹಾಸು ಹೊಕ್ಕು ಎರಡೂ ನೂಲು ನೆಟ್ಟಗೆ ಒಂದರ ಮೇಲೊಂದು ಹಾಯುತ್ತವೆ. ಬನಿಯನ್ ಬಟ್ಟೆಯಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ನೂಲು ಕುಣಿಕೆಯಾಗಿ ಬಗ್ಗಿ, ಹಿಂದಿನ ಕುಣಿಕೆಯ ಒಳಗಿಂದ ತೂರಿ ಬರುತ್ತದೆ. ಎಳೆದರೆ ಹಿಗ್ಗುವುದು ಅದಕ್ಕೇ. ಅನುಮಾನ ಬಂದರೆ ಕತ್ತರಿಸಿದ ಅಂಚಿನಿಂದ ಒಂದೆಳೆ ಎಳೆದು ನೋಡಬೇಕು. ನೇಯ್ದದ್ದಾದರೆ ಎಳೆ ನೆಟ್ಟಗೆ ಕೈಗೆ ಬರುತ್ತದೆ. ಬನಿಯನ್ ಬಟ್ಟೆಯಿಂದ ಬಿಚ್ಚಿದ ಎಳೆ ನೂಡಲ್ಸಿನ ಹಾಗೆ ಗುಂಗುರಾಗಿರುತ್ತದೆ. ಹಿಗ್ಗುವುದೆಲ್ಲ ಹೆಣೆದದ್ದು ಎಂದು ಮಾತ್ರ ತಿಳಿಯಬಾರದು. ಈಗಿನ ಸ್ಟ್ರೆಚ್ ಜೀನ್ಸ್ ಕೂಡ ಹಿಗ್ಗುತ್ತದೆ, ಆದರೆ ಅದು ಮಗ್ಗದ್ದು. ಅದರೊಳಗಿನ ಸ್ಪಾಂಡೆಕ್ಸ್ ಎಳೆಯ ಆಟ ಅದು.

ಇದಕ್ಕೊಂದು ಅಪವಾದ ಹೇಳಿಬಿಡುತ್ತೇನೆ, ಏಕೆಂದರೆ ಹೊಸಬರು ಇಲ್ಲೇ ಎಡವುವುದು. ಬ್ರಾ ಹೆಣೆದದ್ದಾದರೂ 61ಕ್ಕೆ ಬರುವುದಿಲ್ಲ, 62ನೇ ಅಧ್ಯಾಯದ 6212ಕ್ಕೇ ಹೋಗುತ್ತದೆ. ಯಾಕೆ ಎಂದು ಕೇಳಬೇಡಿ, ಅಧ್ಯಾಯದ ಮೊದಲಿಗಿರುವ ಟಿಪ್ಪಣಿಯಲ್ಲಿ ಹಾಗಿದೆ.

ಈ ಟಿಪ್ಪಣಿಗಳೇ ನಿಜವಾದ ಕಾನೂನು. ಪಟ್ಟಿಯನ್ನು ಹೇಗೆ ಓದಬೇಕೆಂದು ಆರು ನಿಯಮಗಳಿವೆ. ಅದರಲ್ಲಿ ಮೊದಲನೆಯದು ಹೇಳುವುದು ಇಷ್ಟು: ವಿಭಾಗ, ಅಧ್ಯಾಯಗಳ ತಲೆಬರಹ ಬರೀ ಹುಡುಕಲು ಅನುಕೂಲಕ್ಕೆ, ನಿರ್ಣಯ ಮಾಡಬೇಕಾದದ್ದು ಹೆಡಿಂಗ್‌ನ ಮಾತು ಮತ್ತು ಟಿಪ್ಪಣಿಯ ಮಾತಿನ ಮೇಲೆ. ನಮ್ಮಲ್ಲಿ ಬಹಳಷ್ಟು ಮಂದಿ ಗೂಗಲ್‌ನಲ್ಲಿ ಟೀ ಶರ್ಟ್ ಎಂದು ಹೊಡೆದು, ಬಂದ ಸಂಖ್ಯೆ ಬರೆದುಬಿಡುತ್ತಾರೆ. ಅಧ್ಯಾಯ ಶುರುವಾಗುವ ಮೊದಲಿನ ಒಂದೂವರೆ ಪುಟ ಓದುವುದಿಲ್ಲ. ನಾನೂ ಓದಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಆಮದುದಾರರ ಕಾಲರ್ ಟೀ ಶರ್ಟುಗಳನ್ನು ಬರೀ ಟೀ ಶರ್ಟ್ ಎಂದು ಬರೆದು ಕಳಿಸಿದವ ನಾನೇ. ಅದಕ್ಕೆ ಪ್ರಶ್ನೆ ಬಂತು, ಮಾದರಿ ತೆಗೆದರು, ಸರಕು ನಿಂತಿತು, ನಿಂತ ದಿನಗಳಿಗೆ ಕಟ್ಟಬೇಕಾದ ಬಾಡಿಗೆ, ಡೆಮರೇಜ್, ಏರಿತು. ಆಮದುದಾರರು ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿದ್ದು.

ಹಾಗಾದರೆ ಟೀ ಶರ್ಟ್ ಎಂದರೆ ಏನು? ಪಟ್ಟಿಯ ಅಧಿಕೃತ ವಿವರಣೆಯ ಪ್ರಕಾರ ಅದು ಬನಿಯನ್ ಜಾತಿಯ ತೆಳು ಉಡುಪು. ಕಾಲರ್ ಇರಬಾರದು, ಗುಂಡಿಯಾಗಲಿ ಜಿಪ್ ಆಗಲಿ ಇರಬಾರದು, ಕೊರಳಿನಲ್ಲಿ ಸೀಳು ಇರಬಾರದು. ಟರ್ಕಿ ಟವೆಲ್ಲಿನ ಹಾಗೆ ಜೂಲು ಜೂಲಾದ ಬಟ್ಟೆಯೂ ಆಗಬಾರದು. ಜೇಬು ಇದ್ದರೆ ಅಡ್ಡಿಯಿಲ್ಲ, ಮುಂದೆ ಚಿತ್ರ ಇದ್ದರೂ ಅಡ್ಡಿಯಿಲ್ಲ. ಜೊತೆಗೆ ಅಧ್ಯಾಯದ ಟಿಪ್ಪಣಿ ಇನ್ನೊಂದು ಗೆರೆ ಎಳೆಯುತ್ತದೆ. ಕೆಳ ಅಂಚಿನಲ್ಲಿ ದಾರ, ರಿಬ್ ಪಟ್ಟಿ (ಸ್ವೆಟರಿನ ಅಂಚಿನಲ್ಲಿರುವಂಥ ಗೆರೆಗೆರೆಯ ಬಿಗಿ ಹೆಣಿಗೆ) ಅಥವಾ ಬಿಗಿಮಾಡುವ ಬೇರೆ ಯಾವುದಾದರೂ ಏರ್ಪಾಡು ಇದ್ದರೆ ಅದು 6109 ಅಲ್ಲ.

ಭಾವನ ರಾಶಿಯಿಂದ ಕಾಲರ್ ಇರುವ ನೀಲಿ ಬಣ್ಣದ್ದೊಂದನ್ನು ಎತ್ತಿಕೊಂಡೆ. ಅಂಗಡಿಯವರು ಪೋಲೋ ಎನ್ನುತ್ತಾರೆ, ಕೆಲವರು ಕಾಲರ್ ಟೀ ಎನ್ನುತ್ತಾರೆ. ಕಾಲರ್ ಇದೆ, ಕೊರಳಿನಿಂದ ಎದೆಯವರೆಗೆ ಸೀಳಿ ಮೂರು ಗುಂಡಿ ಹಾಕಿದ್ದಾರೆ. ಅಲ್ಲಿಗೆ ಟೀ ಶರ್ಟಿನ ಜಾತಿಯಿಂದ ಅದು ಹೊರಗೆ. ಗಂಡಸರದ್ದಾದರೆ 6105, ಶರ್ಟ್. ಹೆಂಗಸರದ್ದಾದರೆ 6106, ಬ್ಲೌಸ್. ಇಲ್ಲಿ ಬ್ಲೌಸ್ ಎಂದರೆ ನಮ್ಮ ರವಿಕೆ ಎಂದು ತಿಳಿಯಬೇಡಿ, ಹೆಂಗಸರ ಮೇಲಂಗಿಗೆ ಪಟ್ಟಿ ಇಟ್ಟ ಹೆಸರು.

ಆದರೆ ಶರ್ಟ್ ಆಗಲಿಕ್ಕೂ ಷರತ್ತುಗಳಿವೆ. ಸೊಂಟದ ಕೆಳಗೆ ಜೇಬಿರಬಾರದು. ಕೆಳ ಅಂಚಿನಲ್ಲಿ ರಿಬ್ ಇರಬಾರದು. ಗಂಡಸರ ಶರ್ಟಿಗೆ ತೋಳು ಇರಲೇಬೇಕು. ಇಷ್ಟಾದ ಮೇಲೆ ನನಗೆ ಬಹಳ ಇಷ್ಟವಾದ ಷರತ್ತು ಬರುತ್ತದೆ: ಕನಿಷ್ಠ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಜಾಗದಲ್ಲಿ ಎಣಿಸಿದಾಗ, ಎರಡೂ ದಿಕ್ಕಿನಲ್ಲಿ ಸರಾಸರಿ ಸೆಂಟಿಮೀಟರಿಗೆ 10ಕ್ಕಿಂತ ಕಡಿಮೆ ಕುಣಿಕೆ ಬಂದರೆ ಅದು ಶರ್ಟ್ ಅಲ್ಲ. ಅಂದರೆ ಒರಟು ಹೆಣಿಗೆಯದ್ದು ಸ್ವೆಟರ್ ಬಳಗಕ್ಕೆ, 6110ಕ್ಕೆ, ಹೋಗುತ್ತದೆ.

"ಎಣಿಸುವುದು ಯಾರು?" ಎಂದರು ಭಾವ.

ನಾನೇ ಎಣಿಸುತ್ತೇನೆ. ನನ್ನ ಬ್ಯಾಗಿನಲ್ಲಿ ಮಡಚುವ ಒಂದು ಸಣ್ಣ ಭೂತಗನ್ನಡಿ ಯಾವಾಗಲೂ ಇರುತ್ತದೆ, ಕೆಳಗೆ ಒಂದು ಸೆಂಟಿಮೀಟರಿನ ಚೌಕ ಕಿಂಡಿ. ಅವತ್ತು ಅಕ್ಕನ ಮಗಳ ಸ್ಕೇಲು ಇಟ್ಟು, ಹೊಲಿಗೆಯ ಸೂಜಿಯ ತುದಿಯಲ್ಲಿ ಒಂದೊಂದೇ ಕುಣಿಕೆ ತೋರಿಸಿ ಎಣಿಸಿದೆವು. ನೀಲಿ ಪೋಲೋದಲ್ಲಿ ಅಡ್ಡಕ್ಕೆ 11, ಉದ್ದಕ್ಕೆ 15. ಶರ್ಟ್ ಎಂದು ಪಾಸಾಯಿತು. ಇನ್ನೊಂದು, ದಪ್ಪ ನೂಲಿನ ಬೂದು ಬಣ್ಣದ್ದು, ಅಡ್ಡಕ್ಕೆ 7, ಉದ್ದಕ್ಕೆ 9. ಅದೇ ಕಾಲರ್, ಅದೇ ಮೂರು ಗುಂಡಿ, ಅಂಗಡಿಯಲ್ಲಿ ಒಂದೇ ಕಪಾಟು. ಕಸ್ಟಮ್ಸಿನಲ್ಲಿ ಮಾತ್ರ ಅದು ಸ್ವೆಟರಿನ ಸಾಲು. ಒಂದು ಗೆರೆಯ ಆಚೆ ಬಿದ್ದರೆ ಏನಾಗುತ್ತದೆ ಎಂದು 1956ರ ರಾಜ್ಯ ವಿಂಗಡಣೆ ಕಂಡ ಊರಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ ಎಂದು ಭಾವ ನಕ್ಕರು.

ಹೂಡಿಯ ಮೇಲೆ ಹೆಚ್ಚು ಹೊತ್ತು ಹೋಗಲಿಲ್ಲ. ತಲೆಯ ಮೇಲಿಂದ ಹಾಕಿಕೊಳ್ಳುವಂಥದ್ದು, ಕೆಳಗೆ ರಿಬ್ ಬೇರೆ, 6110. ಈ ಹೆಡಿಂಗ್‌ನಲ್ಲಿ ಗಂಡು ಹೆಣ್ಣು ಭೇದ ಇಲ್ಲ, 6109ರಲ್ಲೂ ಇಲ್ಲ. ಶರ್ಟು, ಪ್ಯಾಂಟು, ಒಳಉಡುಪು, ಕೋಟುಗಳಲ್ಲಿ ಇದೆ. ಅಲ್ಲಿ ಗುಂಡಿಪಟ್ಟಿ ನೋಡಬೇಕು. ಎಡಬದಿ ಬಲಬದಿಯ ಮೇಲೆ ಮುಚ್ಚಿದರೆ ಗಂಡಸರದ್ದು, ಬಲಬದಿ ಎಡಬದಿಯ ಮೇಲೆ ಬಂದರೆ ಹೆಂಗಸರದ್ದು. ಕತ್ತರಿಸಿ ಹೊಲಿದ ರೀತಿಯೇ ಸ್ಪಷ್ಟವಾಗಿ ಯಾರದ್ದೆಂದು ಹೇಳುತ್ತಿದ್ದರೆ ಗುಂಡಿಪಟ್ಟಿಯ ಲೆಕ್ಕ ಬೇಡ. ಯಾವುದರಿಂದಲೂ ತಿಳಿಯದಿದ್ದರೆ ಹೆಂಗಸರ ಹೆಡಿಂಗ್. ಯುನಿಸೆಕ್ಸ್ ಎಂದು ಲೇಬಲ್ ಹಾಕಿದ ಪ್ಯಾಂಟು ಹಾಗಾಗಿ 6104ಕ್ಕೆ ಹೋಗಿ ಕೂರುತ್ತದೆ. ಅದೇ 6104ರಲ್ಲಿ ಲೆಗ್ಗಿಂಗ್ಸೂ ಇದೆ, ಸೊಂಟದಿಂದ ಹರಡಿನವರೆಗೆ ಎರಡು ಕಾಲನ್ನೂ ಬೇರೆ ಬೇರೆಯಾಗಿ ಮುಚ್ಚುವುದರಿಂದ ಅದು ಪ್ಯಾಂಟಿನ ಲೆಕ್ಕ. ಪಾದವನ್ನೂ ಸೇರಿಸಿ ಮುಚ್ಚುವ ಟೈಟ್ಸ್ ಆಗಿದ್ದರೆ ಕಾಲುಚೀಲದ ಜೊತೆ 6115. ನೈಟಿ 6108. ಗಂಡಸರ ಒಳಚಡ್ಡಿ 6107. ಅದೇ ಪ್ಯಾಕೆಟಿನಲ್ಲಿ ಜೊತೆಯಾಗಿ ಬರುವ ಬನಿಯನ್ 6109.

ಒಂದೇ ಪ್ಯಾಕೆಟಿನ ಮಾತು ಬಂದಾಗ ಇದನ್ನೂ ಹೇಳಬೇಕು. ಬೇರೆ ಸಾಮಾನುಗಳಲ್ಲಿ ಸೆಟ್ ಮಾಡಿ ಮಾರಿದರೆ, ಅದರ ಮುಖ್ಯ ವಸ್ತು ಯಾವುದೆಂದು ನೋಡಿ ಇಡೀ ಸೆಟ್ಟಿಗೆ ಒಂದೇ ಸಂಖ್ಯೆ ಕೊಡುವುದುಂಟು. ಉಡುಪಿಗೆ ಆ ರಿಯಾಯಿತಿ ಇಲ್ಲ. ಗೆರೆಗೆರೆ ಟೀ ಶರ್ಟು, ಬೇರೆ ಬಟ್ಟೆಯ ಬರ್ಮುಡಾ ಒಂದೇ ಡಬ್ಬಿಯಲ್ಲಿದ್ದರೂ ಎರಡನ್ನೂ ಬಿಡಿಸಿ, ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ಸೂಟು, ಪೈಜಾಮ, ಟ್ರ್ಯಾಕ್ ಸೂಟಿನಂಥವಕ್ಕೆ ಮಾತ್ರ ಜೋಡಿಯಾಗಿಯೇ ಜಾಗ ಇದೆ.

ಕೂಸಿನ ಅಂಗಿಗೆ 6111. ಇಲ್ಲಿ ಅಳತೆ ವಯಸ್ಸಿನದ್ದಲ್ಲ, ಎತ್ತರದ್ದು: 86 ಸೆಂಟಿಮೀಟರ್ ಮೀರದ ಮಕ್ಕಳದ್ದು. ಬೇರೆ ಹೆಡಿಂಗ್‌ಗೂ ಹೊಂದುತ್ತದೆ ಎನಿಸಿದರೆ 6111ರ ಕೈಯೇ ಮೇಲು. ಕೂಸಿನ ಟೀ ಶರ್ಟು, ಕೂಸಿನ ಸ್ವೆಟರ್, ಕೂಸಿನ ಕಾಲುಚೀಲ ಎಲ್ಲವೂ ಅಲ್ಲಿಗೇ. ಟೊಪ್ಪಿ ಮಾತ್ರ ಬರುವುದಿಲ್ಲ! ತಲೆಗೆ ಹಾಕುವುದೆಲ್ಲ ಜವಳಿ ವಿಭಾಗವನ್ನೇ ಬಿಟ್ಟು 65ನೇ ಅಧ್ಯಾಯಕ್ಕೆ ಹೋಗುತ್ತದೆ. ಭಾವನ ಮಂಕಿ ಕ್ಯಾಪ್ 6505. ಗಲ್ಫಿಗೆ ಹೆಸರಾದ ನಮ್ಮ ತಳಂಗರೆ ಟೊಪ್ಪಿಗೂ ರಫ್ತಿನ ಕಾಗದದಲ್ಲಿ ಇದೇ ಹೆಡಿಂಗ್. ಕುತ್ತಿಗೆಗೆ ಸುತ್ತುವ ಮಫ್ಲರ್ ಇಳಿದು ಮತ್ತೆ 61ಕ್ಕೆ ಬರುತ್ತದೆ, 6117.

ಮಳೆಕೋಟು ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ನಮ್ಮೂರಲ್ಲಿ ಜೂನ್ ಬಂತೆಂದರೆ ಓಡುವ ಮಾಲು ಇದೇ. ಹೆಣೆದ ಬಟ್ಟೆಗೆ ಒಂದು ಬದಿಯಲ್ಲಿ ಕಣ್ಣಿಗೆ ಕಾಣುವಂತೆ ಪ್ಲಾಸ್ಟಿಕ್ ಲೇಪ ಹಚ್ಚಿದ್ದಾದರೆ 6113. ಎರಡೂ ಬದಿಗೆ ಲೇಪ ಇದ್ದು ಅದು ಕಣ್ಣಿಗೆ ಕಾಣುತ್ತಿದ್ದರೆ ಕಾನೂನಿನ ಕಣ್ಣಲ್ಲಿ ಅದು ಬಟ್ಟೆಯೇ ಅಲ್ಲ, ಪ್ಲಾಸ್ಟಿಕ್ ಸಾಮಾನು, 39ನೇ ಅಧ್ಯಾಯ. ಭಾವನದ್ದನ್ನು ಒಳಹೊರಗು ಮಾಡಿದೆವು. ಒಳಗೆ ಬಿಳಿ ಕುಣಿಕೆಗಳು ಕಾಣುತ್ತಿದ್ದವು.

ಇನ್ನು ನೂಲು. ಹೆಡಿಂಗ್ ಸಿಕ್ಕಿದ ಮೇಲೆ ಅದರೊಳಗಿನ ಸಾಲು ನಿರ್ಧಾರವಾಗುವುದು ಬಹಳ ಕಡೆ ನೂಲಿನ ಮೇಲೆ. ಇಲ್ಲಿ ತೂಕದ್ದೇ ದರ್ಬಾರು. ಶೇ. 60 ಹತ್ತಿ, ಶೇ. 40 ಪಾಲಿಯೆಸ್ಟರ್ ಇದ್ದರೆ ಇಡೀ ಅಂಗಿಯನ್ನು ಹತ್ತಿಯದ್ದೇ ಎಂದು ಲೆಕ್ಕ. ಸರಿಸಮ 50, 50 ಆದರೆ ಪಟ್ಟಿಯಲ್ಲಿ ಕೊನೆಗೆ ಬರುವುದಕ್ಕೆ ಗೆಲುವು. ಹತ್ತಿ 52ನೇ ಅಧ್ಯಾಯ, ಪಾಲಿಯೆಸ್ಟರ್ ತುಂಡು ನಾರು 55, ಹಾಗಾಗಿ ಪಾಲಿಯೆಸ್ಟರ್. ಮೂರು ನೂಲು ಸೇರಿದರೆ ಸ್ವಲ್ಪ ಮೋಸ ಹೋಗುವ ಜಾಗ. ಒಂದು ಸ್ವೆಟರಿನಲ್ಲಿ ಹತ್ತಿ ಶೇ. 40, ಪಾಲಿಯೆಸ್ಟರ್ ಶೇ. 35, ವಿಸ್ಕೋಸ್ ಶೇ. 25 ಎನ್ನಿ. ಅತಿ ಹೆಚ್ಚು ಇರುವುದು ಹತ್ತಿ ಎಂದು ಕಾಣುತ್ತದೆ. ಆದರೆ ಪಾಲಿಯೆಸ್ಟರೂ ವಿಸ್ಕೋಸೂ ಎರಡೂ ಮನುಷ್ಯ ತಯಾರಿಸಿದ ನಾರು, ಅವನ್ನು ಕೂಡಿಸಿ ನೋಡಬೇಕು. ಶೇ. 60 ಆಯಿತು. ಹಾಗಾಗಿ 6110 20 ಅಲ್ಲ, 6110 30.

ಲೇಬಲ್ಲಿನ ಮಾತನ್ನು ನಂಬಬಹುದೇ? ನಾನು ನಂಬುವುದಿಲ್ಲ. ಒಳಹೊಲಿಗೆಯ ಅಂಚಿನ ಬಟ್ಟೆಯಿಂದ ಒಂದೆಳೆ ಕಿತ್ತು ಬೆಂಕಿಕಡ್ಡಿ ತೋರಿಸಿದರೆ ಹತ್ತಿ ಕಾಗದದ ವಾಸನೆ ಕೊಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಿಶ್ರಣದ ಪ್ರಮಾಣ ಇದರಿಂದ ತಿಳಿಯುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ಆದರೆ ನೂರಕ್ಕೆ ನೂರು ಹತ್ತಿ ಎಂದು ಬರೆದ ಸುಳ್ಳು ಅಲ್ಲೇ ಹಿಡಿದು ಬೀಳುತ್ತದೆ. ಭಾವನ ರಾಶಿಯಲ್ಲಿ ಅಂಥದ್ದು ಒಂದು ಸಿಕ್ಕಿತು.

ಇಷ್ಟೆಲ್ಲ ಯಾಕೆ, ಎಲ್ಲದಕ್ಕೂ ಸುಂಕ ಒಂದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅರ್ಧ ಸತ್ಯ. ಈ ಅಧ್ಯಾಯದ ಹೆಚ್ಚಿನ ಸಾಲುಗಳಿಗೆ ಮೂಲ ಸುಂಕ ಶೇ. 20, 2018ರಲ್ಲಿ ಶೇ. 10ರಿಂದ ಏರಿಸಿದ್ದು. ಅದರ ಮೇಲೆ ಸುಂಕದ ಹತ್ತನೇ ಒಂದು ಭಾಗ ಸಮಾಜ ಕಲ್ಯಾಣ ಸರ್ಚಾರ್ಜ್. ಮಾಲಿನ ಮೌಲ್ಯವೂ ಸೇರಿ ಇವೆಲ್ಲದರ ಮೊತ್ತದ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಬೀಳುವ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿವರೆಗಿನ ಉಡುಪಿಗೆ ಶೇ. 5, ಮೇಲಾದರೆ ಶೇ. 18. ಸಾವಿರ ರೂಪಾಯಿ ಮೌಲ್ಯಕ್ಕೆ ಲೆಕ್ಕ ಹಾಕಿದರೆ ಸುಂಕ 200, ಸರ್ಚಾರ್ಜ್ 20, 1220ರ ಮೇಲೆ ಐಜಿಎಸ್‌ಟಿ 61, ಒಟ್ಟು 281. ಅದರಲ್ಲಿ ಐಜಿಎಸ್‌ಟಿಯನ್ನು ನೋಂದಾಯಿತ ವ್ಯಾಪಾರಿ ಮುಂದೆ ಹೊಂದಿಸಿಕೊಳ್ಳಬಹುದು, ಉಳಿದ 220 ಹೋದದ್ದು ಹೋದ ಹಾಗೆಯೇ.

ಪೆಟ್ಟು ಬೀಳುವುದು ಬೇರೆ ಕಡೆ. ಹಲವು ಸಾಲುಗಳಲ್ಲಿ ಸುಂಕ ಬರೀ ಶೇಕಡಾದಲ್ಲಿ ಇಲ್ಲ. ಶೇಕಡಾ ಇಷ್ಟು ಅಥವಾ ಒಂದು ಪೀಸಿಗೆ ಇಷ್ಟು ರೂಪಾಯಿ, ಯಾವುದು ಹೆಚ್ಚೋ ಅದು, ಎಂದಿರುತ್ತದೆ. ಆ ರೂಪಾಯಿ ಹೆಡಿಂಗ್‌ನಿಂದ ಹೆಡಿಂಗ್‌ಗೆ, ನೂಲಿನಿಂದ ನೂಲಿಗೆ ಬದಲು. ಲೆಕ್ಕ ತಿಳಿಯಲಿಕ್ಕೆ ಒಂದು ಕಾಲ್ಪನಿಕ ಸಂಖ್ಯೆ ಇಟ್ಟುಕೊಳ್ಳೋಣ. ಪೀಸಿಗೆ 50 ರೂಪಾಯಿ ಎಂದಿರುವ ಸಾಲಿಗೆ 100 ರೂಪಾಯಿಯ ಅಂಗಿ ಬಿದ್ದರೆ ಶೇ. 20ರ 20 ರೂಪಾಯಿ ಅಲ್ಲ, 50 ರೂಪಾಯಿ ಕಟ್ಟಬೇಕು. ಸಾವಿರದ ಅಂಗಿಗೆ ಇದು ತಟ್ಟುವುದೇ ಇಲ್ಲ. ಅಗ್ಗದ ಮಾಲು ತರಿಸುವ ಕುಂಬಳೆ, ಉಪ್ಪಳದ ಅಂಗಡಿಗಳಿಗೇ ಸಂಖ್ಯೆಯ ತಪ್ಪು ಹೆಚ್ಚು ಸುಡುತ್ತದೆ.

ದುಬೈಯಿಂದ ಬರುತ್ತದಲ್ಲ, ಯುಎಇ ಜೊತೆ ಸುಂಕ ರಿಯಾಯಿತಿಯ ಒಪ್ಪಂದ ಇದೆಯಲ್ಲ ಎಂಬುದು ಭಾವನ ಮುಂದಿನ ಬಾಣ. ಒಪ್ಪಂದ 2022ರ ಮೇ 1ರಿಂದ ಇರುವುದು ನಿಜ. ಆದರೆ ಅದು ಕೇಳುವುದು ಹಡಗು ಎಲ್ಲಿ ಹತ್ತಿತು ಎಂದಲ್ಲ, ಅಂಗಿ ಎಲ್ಲಿ ತಯಾರಾಯಿತು ಎಂದು. ಚೀನಾದ ಅಂಗಿ ದುಬೈಯ ದೇರಾದ ಗೋದಾಮಿನಲ್ಲಿ ಆರು ತಿಂಗಳು ಮಲಗಿದರೂ ಚೀನಾದ್ದೇ. ಬಾಂಗ್ಲಾದೇಶದ ಕತೆ ಇನ್ನೊಂದು ಬಗೆ. ಅಲ್ಲಿನ ಸಿದ್ಧ ಉಡುಪು ದಕ್ಷಿಣ ಏಷ್ಯಾ ದೇಶಗಳ ಮುಕ್ತ ವ್ಯಾಪಾರದ ಸಾಫ್ಟಾ ಒಪ್ಪಂದದಡಿ ಸುಂಕವಿಲ್ಲದೆ ಬರುತ್ತಿತ್ತು, ಆದರೆ 2025ರ ಮೇ 17ರ ಆದೇಶದ ಪ್ರಕಾರ ಅದು ಇಳಿಯಬೇಕಾದದ್ದು ನವಾ ಶೇವಾ ಅಥವಾ ಕೋಲ್ಕತ್ತ ಬಂದರಿನಲ್ಲಿ. ಪಣಂಬೂರಿಗೆ ಇಲ್ಲ.

ಗಲ್ಫಿನಿಂದ ಬರುವ ಅಣ್ಣತಮ್ಮಂದಿರ ಸೂಟ್‌ಕೇಸಿಗೆ ಈ ತಲೆಬಿಸಿ ಯಾವುದೂ ಇಲ್ಲ. ಪ್ರಯಾಣಿಕರ ಲಗೇಜಿನಲ್ಲಿ ಬರುವ ಸುಂಕದ ಸಾಮಾನಿಗೆಲ್ಲ ಒಟ್ಟಾಗಿ 9803 ಎಂಬ ಒಂದೇ ಹೆಡಿಂಗ್. ಅಲ್ಲಿ ಯಾರೂ ಕುಣಿಕೆ ಎಣಿಸುವುದಿಲ್ಲ. ಮಾರಾಟದ ಮಾಲನ್ನು ಸೂಟ್‌ಕೇಸಿನಲ್ಲಿ ತುಂಬಿ ತರಬಹುದು ಎಂದು ಇದರ ಅರ್ಥವಲ್ಲ, ಭಾವನಿಗೆ ಇದನ್ನು ಎರಡು ಸಲ ಹೇಳಿದೆ.

ಈಗ ಬಿಲ್ ಆಫ್ ಎಂಟ್ರಿಯನ್ನು, ಅಂದರೆ ಆಮದು ಸರಕಿನ ವಿವರ ಬರೆದು ಕಸ್ಟಮ್ಸಿಗೆ ಕೊಡುವ ಕಾಗದವನ್ನು, ನೋಡುವ ಅಧಿಕಾರಿ ಪಣಂಬೂರಿನಲ್ಲೇ ಇರುತ್ತಾರೆ ಎಂದೇನಿಲ್ಲ. 2020ರಿಂದ ಮುಖರಹಿತ ಪರಿಶೀಲನೆ; ಬೇರೆ ಯಾವುದೋ ಊರಿನ ಅಧಿಕಾರಿ ಕಂಪ್ಯೂಟರಿನಲ್ಲಿ ಓದುತ್ತಾರೆ. ಅವರ ಕೈಗೆ ಅಂಗಿ ಸಿಗುವುದಿಲ್ಲ, ನಮ್ಮ ಒಂದು ಸಾಲಿನ ವಿವರಣೆ ಮಾತ್ರ ಸಿಗುತ್ತದೆ. ಆಮದುದಾರ ತಾನೇ ಸುಂಕ ನಿರ್ಧರಿಸಿ ಬರೆಯಬೇಕೆಂಬುದು ಕಸ್ಟಮ್ಸ್ ಕಾಯ್ದೆಯ 17ನೇ ಕಲಮು, ಅಂದರೆ ತಪ್ಪಿನ ಹೊಣೆಯೂ ಅವನದ್ದೇ. ಕಡಿಮೆ ಕಟ್ಟಿದ್ದನ್ನು ಇಲಾಖೆ ಎರಡು ವರ್ಷದವರೆಗೆ ಕೇಳಬಹುದು. ಬೇಕೆಂದೇ ಮುಚ್ಚಿಟ್ಟದ್ದು ಎಂದಾದರೆ ಐದು ವರ್ಷ, ಜೊತೆಗೆ ದಂಡ. ದೊಡ್ಡ ಪ್ರಮಾಣದಲ್ಲಿ ತರಿಸುವವರಿಗೆ ಅನುಮಾನ ಇದ್ದರೆ ಮೊದಲೇ ಮುಂಗಡ ತೀರ್ಪು ಕೇಳುವ ದಾರಿ ಇದೆ, ಶುಲ್ಕ 10,000 ರೂಪಾಯಿ. ತೀರ್ಪು ಮೂರು ವರ್ಷ ನಡೆಯುತ್ತದೆ, ನಡುವೆ ಕಾನೂನು ಬದಲಾಗದಿದ್ದರೆ. ಭಾವನ ವ್ಯಾಪಾರಕ್ಕೆ ಅದು ದುಬಾರಿ.

ಹಾಗಾಗಿ ವಿವರಣೆಯನ್ನೇ ಗಟ್ಟಿ ಮಾಡುವುದು ನನ್ನ ಪದ್ಧತಿ. ನೀಲಿ ಪೋಲೋಗೆ ಹೀಗೆ ಬರೆಸಿದೆ: ಗಂಡಸರ ಹೆಣೆದ ಶರ್ಟ್, ಶೇ. 100 ಹತ್ತಿ, ಕಾಲರ್ ಇದೆ, ಕೊರಳಿನಲ್ಲಿ ಮೂರು ಗುಂಡಿಯ ಸೀಳು ಎಡ ಬಲದ ಮೇಲೆ, ಅರ್ಧ ತೋಳು, ಸೊಂಟದ ಕೆಳಗೆ ಜೇಬಿಲ್ಲ, ಕೆಳ ಅಂಚಿನಲ್ಲಿ ರಿಬ್ ಇಲ್ಲ. ಇಂಗ್ಲಿಷಿನಲ್ಲಿ ಎರಡು ಸಾಲು ಆಗುತ್ತದೆ. ತಯಾರಕರ ಇನ್‌ವಾಯ್ಸಿನಲ್ಲೂ ಇದೇ ಮಾತು ಇರಬೇಕು, ಇಲ್ಲವಾದರೆ ಅಲ್ಲಿಂದಲೇ ಪ್ರಶ್ನೆ ಹುಟ್ಟುತ್ತದೆ.

ಭಾವ ಎಲ್ಲವನ್ನೂ ಅಂಗಡಿಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡರು. ಕೊನೆಗೆ ಕೆಳಗೆ ರಿಬ್ ಇರುವ ಒಂದು ಟೀ ಶರ್ಟನ್ನು ಎತ್ತಿ ಹಿಡಿದು, ಈ ಪಟ್ಟಿ ತೆಗೆಸಿದರೆ 6109 ಆಗುತ್ತದಲ್ಲ ಎಂದರು. ಆಗುತ್ತದೆ, ಅದು ತಪ್ಪೂ ಅಲ್ಲ, ಉಡುಪು ಬಂದಿಳಿಯುವಾಗ ಹೇಗಿದೆಯೋ ಅದೇ ಲೆಕ್ಕ ಎಂದೆ. ಅಲ್ಲೇ ಕೂತು ದುಬೈಯ ನೆಂಟರಿಗೆ ವಾಯ್ಸ್ ಮೆಸೇಜ್ ಹಾಕಿದರು, ರಿಬ್ ಬೇಡ, ಸಾದಾ ಮಡಚಿ ಹೊಲಿಯಲಿ ಎಂದು. ಸುಂಕಕ್ಕಾಗಿಯೋ ಎಂದು ಕೇಳಿದೆ. "ಸುಂಕ ಹಾಂಗಿರಳಿ," ಎಂದರು ಭಾವ, "ನಮ್ಮ ಊರಿನ ಸೆಕೆಗೆ ಸೊಂಟಕ್ಕೆ ರಿಬ್ಬು ಆರಿಂಗೆ ಬೇಕು?"